ಮಕ್ಕಳ ಬೆನ್ನಿಗೆ ಪುಸ್ತಕದ ಹೊರೆ: ಪೋಷಕರು ಅರಿತಿರಬೇಕಾದ ಸಂಗತಿಗಳು

ಬೆಳಗಿನ ಶಾಲಾ ವೇಳೆಯಲ್ಲಿ ಮೈಸೂರಿನ ಸರಸ್ವತಿಪುರಂ, ಕುವೆಂಪುನಗರ, ಯಾದವಗಿರಿ ಮೊದಲಾದ ಬಡಾವಣೆಗಳ ರಸ್ತೆಗಳಲ್ಲಿ, ಬೆನ್ನ ಮೇಲಿನ ಬ್ಯಾಗಿನ ಭಾರಕ್ಕೆ ಮುಂದೆ ಬಾಗಿ ನಡೆಯುವ ಮಕ್ಕಳು ಕಾಣಸಿಗುತ್ತಾರೆ. ಈ ದೃಶ್ಯವನ್ನು ಸಂಸತ್ತಿನ ಗಮನಕ್ಕೆ ತಂದವರೂ ಮೈಸೂರಿನವರೇ. ಯಾದವಗಿರಿಯಲ್ಲಿ ಬಹುಕಾಲ ನೆಲೆಸಿದ್ದ ಕಾದಂಬರಿಕಾರ ಆರ್.ಕೆ. ನಾರಾಯಣ್ ಅವರು ರಾಜ್ಯಸಭೆಯ ನಾಮನಿರ್ದೇಶಿತ ಸದಸ್ಯರಾಗಿದ್ದಾಗ, 1989ರ ತಮ್ಮ ಮೊದಲ ಭಾಷಣದಲ್ಲಿ ಶಾಲಾ ಮಕ್ಕಳ ಪಾಡನ್ನೇ ಪ್ರಸ್ತಾಪಿಸಿದರು. ಅಗತ್ಯವಾದರೆ ಸುಗ್ರೀವಾಜ್ಞೆ ಹೊರಡಿಸಿಯಾದರೂ ಶಾಲಾ ಚೀಲವನ್ನು ರದ್ದುಪಡಿಸಬೇಕೆಂಬುದು ಅವರ ಕೋರಿಕೆಯಾಗಿತ್ತು. ಮುಂದೆ 1992ರಲ್ಲಿ ಕೇಂದ್ರ ಸರ್ಕಾರವು ಪ್ರೊ. ಯಶಪಾಲ್ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ರಚಿಸಿತು. 1993ರಲ್ಲಿ ಅದು ಹೊರೆಯಿಲ್ಲದ ಕಲಿಕೆಯನ್ನು ಕುರಿತ ವರದಿಯನ್ನು ಸಲ್ಲಿಸಿತು. ಆದರೂ ಚೀಲ ಇಂದಿಗೂ ಮಕ್ಕಳ ಬೆನ್ನ ಮೇಲಿದೆ.

ನೋವು ಬರುವ ಬಗೆ

ಭಾರವಾದ ಬ್ಯಾಗ್ ದೇಹವನ್ನು ಹಿಂದಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ಮಗು ಸೊಂಟದಿಂದ ಮುಂದೆ ಬಾಗಿ, ಕತ್ತನ್ನು ಮುಂಚಾಚುತ್ತದೆ. ಇದರಿಂದ ಕತ್ತು, ಭುಜ ಮತ್ತು ಬೆನ್ನಿನ ಸ್ನಾಯುಗಳು ದಣಿಯುತ್ತವೆ. ಒಂದೇ ಹೆಗಲಿಗೆ ನೇತುಹಾಕಿದರೆ ಆ ಭುಜ ಮೇಲೇರಿ ದೇಹ ಇನ್ನೊಂದು ಬದಿಗೆ ವಾಲುತ್ತದೆ.

ಆದರೆ ಎಲ್ಲ ಬೆನ್ನುನೋವಿಗೂ ಬ್ಯಾಗನ್ನೇ ದೂರುವುದು ಸರಿಯಲ್ಲ. ಅನೇಕ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಅಂತಾರಾಷ್ಟ್ರೀಯ ವಿಮರ್ಶೆಯೊಂದು, ಬ್ಯಾಗಿನ ಬಳಕೆಯೇ ಮಕ್ಕಳ ಬೆನ್ನುನೋವಿಗೆ ಕಾರಣವೆನ್ನಲು ದೃಢವಾದ ಆಧಾರ ದೊರೆತಿಲ್ಲವೆಂದು ತಿಳಿಸಿತು. ಬೆನ್ನುಮೂಳೆ ಪಕ್ಕಕ್ಕೆ ಬಾಗುವ ಸ್ಕೋಲಿಯೋಸಿಸ್ ಬ್ಯಾಗಿನಿಂದಲೇ ಬರುತ್ತದೆಂಬ ನಂಬಿಕೆಗೂ ಆಧಾರವಿಲ್ಲ. ಆಟವಿಲ್ಲದೆ ಗಂಟೆಗಟ್ಟಲೆ ಕೂರುವುದು, ನಿದ್ರೆಯ ಕೊರತೆ, ಮಾನಸಿಕ ಒತ್ತಡ ಇವುಗಳನ್ನೂ ಗಮನಿಸಬೇಕು. ಹಾಗೆಂದು ಮಗು ಹೊರಲಾರದ ಭಾರವನ್ನು ಹೊರಿಸಬಹುದೆಂದು ಅರ್ಥವಲ್ಲ.

ಎಷ್ಟು ಭಾರ ಸೂಕ್ತ?

ಕರ್ನಾಟಕ ಸರ್ಕಾರವು 2019ರಲ್ಲಿ ಆದೇಶ ಹೊರಡಿಸಿ, 2023ರಲ್ಲಿ ಅದರ ಪಾಲನೆಗೆ ಮತ್ತೆ ಸುತ್ತೋಲೆ ಕಳುಹಿಸಿತು. ಅದರಂತೆ ಬ್ಯಾಗಿನ ತೂಕದ ಮಿತಿ ಹೀಗಿದೆ:

1 ಮತ್ತು 2ನೇ ತರಗತಿ: 1.5ರಿಂದ 2 ಕಿಲೋ
3ರಿಂದ 5ನೇ ತರಗತಿ: 2ರಿಂದ 3 ಕಿಲೋ
6ರಿಂದ 8ನೇ ತರಗತಿ: 3ರಿಂದ 4 ಕಿಲೋ
9 ಮತ್ತು 10ನೇ ತರಗತಿ: 4ರಿಂದ 5 ಕಿಲೋ

ತಿಂಗಳ ಮೂರನೇ ಶನಿವಾರ ಬ್ಯಾಗಿಲ್ಲದ ದಿನವಾಗಿರಬೇಕೆಂದೂ ಸೂಚಿಸಲಾಗಿದೆ. 2020ರ ರಾಷ್ಟ್ರೀಯ ಶಾಲಾ ಬ್ಯಾಗ್ ನೀತಿಯ ಪ್ರಕಾರ ಬ್ಯಾಗಿನ ಭಾರ ಮಗುವಿನ ತೂಕದ ಶೇ. 10ನ್ನು ಮೀರಬಾರದು. ಅಂದರೆ 25 ಕಿಲೋ ತೂಗುವ ಮಗುವಿಗೆ ಎರಡೂವರೆ ಕಿಲೋ.

ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ತೂಕದ ಯಂತ್ರದ ಮೇಲೆ ಮೊದಲು ನೀವು ಬರಿಗೈಯಲ್ಲಿ ನಿಲ್ಲಿ, ಬಳಿಕ ಬ್ಯಾಗ್ ಹಿಡಿದು ನಿಲ್ಲಿ. ಎರಡರ ವ್ಯತ್ಯಾಸವೇ ಬ್ಯಾಗಿನ ತೂಕ. ಒಂದು ಲೀಟರ್ ನೀರೇ ಒಂದು ಕಿಲೋ ತೂಗುತ್ತದೆ ಎಂಬುದು ನೆನಪಿರಲಿ. ಶಾಲೆಯಲ್ಲಿ ಶುದ್ಧ ನೀರು ದೊರೆಯುವುದಾದರೆ ಚಿಕ್ಕ ಬಾಟಲಿ ಸಾಕು.

ಪಾಲಿಸಬೇಕಾದ ಕ್ರಮಗಳು

* ಬ್ಯಾಗ್ ಹಗುರವಾಗಿರಲಿ, ಪಟ್ಟಿಗಳು ಅಗಲವಾಗಿ ಮೆತ್ತಗಿರಲಿ. ಮುಂದೆ ಬೆಳೆಯುತ್ತದೆಂದು ಮಗುವಿನ ಬೆನ್ನಿಗಿಂತ ದೊಡ್ಡ ಬ್ಯಾಗ್ ಕೊಳ್ಳಬೇಡಿ.
* ಎರಡೂ ಪಟ್ಟಿಗಳನ್ನು ಹೆಗಲಿಗೇರಿಸಿ ಬಿಗಿಗೊಳಿಸಿ. ಬ್ಯಾಗ್ ಬೆನ್ನಿಗೆ ಅಂಟಿಕೊಂಡಿರಬೇಕು, ಸೊಂಟದ ಕೆಳಗೆ ಜೋತಾಡಬಾರದು.
* ಭಾರವಾದ ಪುಸ್ತಕಗಳನ್ನು ಬೆನ್ನಿಗೆ ಹತ್ತಿರವಾಗಿಯೂ ಹಗುರವಾದವನ್ನು ಹೊರಬದಿಗೂ ಜೋಡಿಸಿ.
* ಬ್ಯಾಗನ್ನು ಎತ್ತುವಾಗ ಸೊಂಟ ಬಗ್ಗಿಸದೆ ಮಂಡಿ ಮಡಚಿ ಎತ್ತಲು ಕಲಿಸಿ.
* ಆಟೋ, ವ್ಯಾನ್‌ಗಳಲ್ಲಿ ಕುಳಿತಾಗ ಬ್ಯಾಗನ್ನು ಬೆನ್ನಿನಿಂದ ಇಳಿಸಲಿ. ಸ್ಕೂಟರಿನ ಹಿಂಬದಿ ಕೂರುವ ಮಗುವಿನ ಬ್ಯಾಗನ್ನು ಮುಂದೆ ಕಾಲಿಡುವ ಜಾಗದಲ್ಲಿರಿಸಿ.
* ದಿನಕ್ಕೆ ಕನಿಷ್ಠ 60 ನಿಮಿಷ ಓಟ, ಆಟ ಇರಲಿ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಇದೇ. ಬಲವಾದ ಸ್ನಾಯುಗಳೇ ಬೆನ್ನಿಗೆ ಆಸರೆ.

ವೈದ್ಯರನ್ನು ಕಾಣಬೇಕಾದಾಗ

ಸಾಮಾನ್ಯ ನೋವು ಭಾರ ತಗ್ಗಿಸಿದರೆ ಕೆಲವೇ ದಿನಗಳಲ್ಲಿ ಶಮನವಾಗುತ್ತದೆ. ನೋವು ವಾರಗಟ್ಟಲೆ ಉಳಿದರೆ, ರಾತ್ರಿ ನಿದ್ರೆಯಿಂದ ಎಬ್ಬಿಸಿದರೆ, ಜ್ವರ ಅಥವಾ ತೂಕ ಇಳಿಕೆ ಜೊತೆಗಿದ್ದರೆ ಬ್ಯಾಗಿನ ನೋವೆಂದು ಅಲಕ್ಷಿಸದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಕಾಲುಗಳಲ್ಲಿ ಜೋಮು, ಬಲಹೀನತೆ ಅಥವಾ ಮಲಮೂತ್ರ ನಿಯಂತ್ರಣ ತಪ್ಪುವುದು ಕಂಡುಬಂದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ನಗರದಲ್ಲಿ ಸರ್ಕಾರಿ ಚೆಲುವಾಂಬ ಮತ್ತು ಕೃಷ್ಣರಾಜೇಂದ್ರ ಆಸ್ಪತ್ರೆಗಳಿವೆ.

ಹೊಣೆ ಯಾರದು?

ಪ್ರತಿದಿನ ಎಲ್ಲ ಪುಸ್ತಕಗಳನ್ನೂ ತುಂಬಿಕೊಳ್ಳುವ ಮಗುವನ್ನು ಗದರುವ ಮುನ್ನ ಕಾರಣ ಕೇಳಿ. ತರಗತಿಯಲ್ಲಿ ಯಾವ ನೋಟ್‌ಬುಕ್ ಕೇಳಿಬಿಡುತ್ತಾರೋ, ಇಲ್ಲದಿದ್ದರೆ ಶಿಕ್ಷೆಯಾದೀತೋ ಎಂಬ ಭಯವೇ ಹಲವು ವೇಳೆ ಬ್ಯಾಗನ್ನು ತುಂಬಿಸುತ್ತದೆ. ಶಾಲೆ ವೇಳಾಪಟ್ಟಿಯನ್ನು ತಪ್ಪದೆ ಪಾಲಿಸಿದರೆ, ಪುಸ್ತಕಗಳನ್ನಿಡಲು ತರಗತಿಯಲ್ಲಿ ಕಪಾಟು ಒದಗಿಸಿದರೆ ಈ ಭಯ ಹೋಗುತ್ತದೆ. ಪೋಷಕರ ಸಭೆಯಲ್ಲಿ ಇದನ್ನು ಕೇಳುವ ಹಕ್ಕು ನಿಮಗಿದೆ. ಚೀಲ ಹೊರುವುದು ಮಗುವಾದರೂ ಅದರ ಭಾರವನ್ನು ನಿರ್ಧರಿಸುವವರು ಹಿರಿಯರು. ಇಂದು ರಾತ್ರಿಯೇ ಒಮ್ಮೆ ಆ ಬ್ಯಾಗನ್ನು ತೂಗಿ ನೋಡಿ.