‘ಇಲ್ಲ’ ಮತ್ತು ‘ಕೂಡದು’: ಕುರ್‌ಆನಿನ ಒಂದು ವಾಕ್ಯದ ವ್ಯಾಖ್ಯಾನಚರಿತ್ರೆ

ಕುರ್‌ಆನಿನ ಎರಡನೆಯ ಅಧ್ಯಾಯದ 256ನೆಯ ಸೂಕ್ತವು ನಾಲ್ಕೇ ಪದಗಳ ಒಂದು ವಾಕ್ಯದಿಂದ ಆರಂಭವಾಗುತ್ತದೆ. ಅದನ್ನು ಕನ್ನಡಕ್ಕೆ ತರುವವರಿಗೆ ಮೊದಲ ಪದವಾದ ‘ಲಾ’ದಲ್ಲಿಯೇ ತೊಡಕು ಎದುರಾಗುತ್ತದೆ. ಧರ್ಮದಲ್ಲಿ ‘ಇಕ್ರಾಹ್’, ಅಂದರೆ ಬಲಾತ್ಕಾರ, ‘ಇಲ್ಲ’ ಎನ್ನಬೇಕೆ, ‘ಕೂಡದು’ ಎನ್ನಬೇಕೆ? ವಾಕ್ಯದ ರೂಪ ನಿರೂಪಣೆಯದು. ಆದರೆ ನಿರೂಪಣೆಯ ರೂಪದಲ್ಲಿಯೇ ನಿಷೇಧವನ್ನು ಹೇಳುವ ರೂಢಿ ಅರಬ್ಬಿಯಲ್ಲಿ ಇರುವುದರಿಂದ ವ್ಯಾಖ್ಯಾನಕಾರರು ಎರಡು ಅರ್ಥಗಳನ್ನೂ ಪರಿಗಣಿಸಿದ್ದಾರೆ. ‘ಇಲ್ಲ’ ಎಂಬುದು ಮನಸ್ಸಿನ ಸ್ವಭಾವದ ಮಾತು: ನಂಬಿಕೆಯು ಬಲದಿಂದ ಹುಟ್ಟುವಂಥದ್ದಲ್ಲ. ‘ಕೂಡದು’ ಎಂಬುದು ವಿಧಿ: ಯಾರನ್ನೂ ಬಲವಂತಪಡಿಸತಕ್ಕದ್ದಲ್ಲ. ಮೊದಲನೆಯದು ಇಚ್ಛಾಸ್ವಾತಂತ್ರ್ಯದ ಪ್ರಶ್ನೆ. ಎರಡನೆಯದು ಧಾರ್ಮಿಕ ಸ್ವಾತಂತ್ರ್ಯದ್ದು. ಮೊದಲನೆಯದನ್ನು ಒಪ್ಪಿದವರೆಲ್ಲ ಎರಡನೆಯದನ್ನೂ ಪೂರ್ಣವಾಗಿ ಒಪ್ಪಿದರೆಂದು ಹೇಳಲು ಇತಿಹಾಸ ಎಡೆಗೊಡುವುದಿಲ್ಲ.

ವಿಧಿಯ ಅರ್ಥಕ್ಕೆ ಆಧಾರವಾದ ಪ್ರಸಂಗವನ್ನು ತಬರಿಯವರ (ಮರಣ ಕ್ರಿ.ಶ. 923) ವ್ಯಾಖ್ಯಾನದಲ್ಲಿ ಕಾಣಬಹುದು. ಇಸ್ಲಾಮಿಗೆ ಮೊದಲು, ಹುಟ್ಟಿದ ಮಕ್ಕಳು ಉಳಿಯದ ಮದೀನಾದ ಕೆಲವು ತಾಯಂದಿರು, ಮಗು ಬದುಕಿದರೆ ಯಹೂದಿಯಾಗಿ ಬೆಳೆಸುವುದಾಗಿ ಹರಕೆ ಹೊರುತ್ತಿದ್ದರು. 625ರಲ್ಲಿ ಬನೂ ನಝೀರ್ ಎಂಬ ಯಹೂದಿ ಕುಲವನ್ನು ಮದೀನಾದಿಂದ ಹೊರಹಾಕಿದಾಗ ಅಂಥ ಮಕ್ಕಳೂ ಅವರೊಡನೆ ಇದ್ದರು. ಅಷ್ಟರಲ್ಲಿ ಮುಸ್ಲಿಮರಾಗಿದ್ದ ಹೆತ್ತವರ ಕಡೆಯವರು ಅವರನ್ನು ತಡೆದು ನಿಲ್ಲಿಸಬಯಸಿದರು. ಆಗ ಈ ಸೂಕ್ತ ಅವತರಿಸಿತೆಂದೂ, ಉಳಿಯುವ ಅಥವಾ ಹೊರಡುವ ಆಯ್ಕೆ ಆ ಮಕ್ಕಳಿಗೇ ದೊರೆಯಿತೆಂದೂ ವರದಿಗಳು ಹೇಳುತ್ತವೆ. ಆದರೂ ತಬರಿಯವರು ಈ ವಿಧಿಯನ್ನು, ಜಿಝ್ಯಾ ತೆರಿಗೆ ತೆತ್ತು ಸ್ವಧರ್ಮದಲ್ಲಿ ಉಳಿಯಬಹುದಾಗಿದ್ದ ಯಹೂದಿ, ಕ್ರೈಸ್ತ ಮುಂತಾದವರಿಗೆ ಸೀಮಿತಗೊಳಿಸಿದರು. ಅರಬ್ ವಿಗ್ರಹಾರಾಧಕರನ್ನೂ ಧರ್ಮತ್ಯಾಗಿಗಳನ್ನೂ ಹೊರಗಿಟ್ಟರು. ಒಂಬತ್ತನೆಯ ಅಧ್ಯಾಯದ ಯುದ್ಧಸೂಕ್ತಗಳಿಂದ ಇದು ರದ್ದಾಯಿತೆಂದು ವಾದಿಸಿದವರೂ ಇದ್ದರು.

‘ಇಲ್ಲ’ ಎಂಬ ಅರ್ಥವನ್ನು ಬೆಳೆಸಿದವರು ಮುಅ್ತಝಿಲಾ ಪಂಥದವರು. ದೇವರು ನ್ಯಾಯವಂತನಾದ ಮೇಲೆ, ಆಯ್ಕೆಯಿಲ್ಲದ ಕರ್ಮಕ್ಕೆ ಶಿಕ್ಷೆಯಾಗಲಿ ಪ್ರತಿಫಲವಾಗಲಿ ಸಲ್ಲದೆಂಬುದು ಅವರ ತರ್ಕ. ದೇವರು ನಂಬಿಕೆಯನ್ನು ನಿಲ್ಲಿಸಿರುವುದು ಬಲಾತ್ಕಾರದ ಮೇಲಲ್ಲ, ಮನುಷ್ಯನ ಸಾಮರ್ಥ್ಯ ಮತ್ತು ಆಯ್ಕೆಯ ಮೇಲೆ ಎಂದು ಝಮಖ್‌ಶರಿ (ಮರಣ 1144) ವ್ಯಾಖ್ಯಾನಿಸಿದರು. ಈ ಪಂಥದ ವಿರೋಧಿಯಾಗಿದ್ದ ಫಖ್ರುದ್ದೀನ್ ರಾಝಿ (ಮರಣ 1210) ಸಹ ಈ ವಾದವನ್ನು ಬಿಡದೆ ದಾಖಲಿಸಿದ್ದಾರೆ: ಲೋಕವು ಪರೀಕ್ಷೆಯ ನೆಲೆ, ಬಲಾತ್ಕಾರ ನುಗ್ಗಿದರೆ ಪರೀಕ್ಷೆಗೇ ಅರ್ಥವಿಲ್ಲ.

ಆದರೆ ಇದೇ ಪಂಥದ ಒಂದು ಸಿದ್ಧಾಂತವು ಅದಕ್ಕೂ ಹಿಂದೆ ರಾಜಾಜ್ಞೆಯಾಗಿತ್ತು. ಕುರ್‌ಆನ್ ಸೃಷ್ಟವಾದದ್ದೆಂದು ಒಪ್ಪಬೇಕೆಂದು ಖಲೀಫ ಮಾಮೂನ್ 833ರಲ್ಲಿ ವಿದ್ವಾಂಸರ ವಿಚಾರಣೆಯನ್ನು ಆರಂಭಿಸಿದನು. ಒಪ್ಪದ ಅಹ್ಮದ್ ಇಬ್ನ್ ಹಂಬಲ್, ಮುಂದಿನ ಖಲೀಫನ ಕಾಲದಲ್ಲಿ ಚಾಟಿಯೇಟು ತಿಂದರು. ಅಂಜಿ ಒಪ್ಪಿದವರಲ್ಲಿ ಬಿಶ್ರ್ ಇಬ್ನ್ ಅಲ್-ವಲೀದ್ ಎಂಬ ನ್ಯಾಯಾಧಿಕಾರಿಯೂ ಒಬ್ಬರು. ಬಲಾತ್ಕಾರಕ್ಕೆ ಸಿಕ್ಕಿ ಬಾಯಲ್ಲಿ ನಿರಾಕರಿಸಿದರೂ ಹೃದಯದಲ್ಲಿ ದೃಢವಾಗಿರುವವನನ್ನು ದೋಷಮುಕ್ತಗೊಳಿಸುವ, ಹದಿನಾರನೆಯ ಅಧ್ಯಾಯದ 106ನೆಯ ಸೂಕ್ತವನ್ನು ಅವರು ಆಶ್ರಯಿಸಿದರು. ‘ಇಕ್ರಾಹ್’ ಪದದ ಧಾತುವೇ ಅಲ್ಲಿಯೂ ಇದೆ. ಆ ಸೂಕ್ತ ಅವರಿಗೆ ಅನ್ವಯಿಸದೆಂದು ಖಲೀಫನು ಪತ್ರ ಬರೆದನೆಂಬುದನ್ನು ತಬರಿಯವರ ಇತಿಹಾಸವೇ ದಾಖಲಿಸಿದೆ. ಪ್ರಭುತ್ವಕ್ಕೆ ದೊರೆತದ್ದು ನಾಲಿಗೆ ಮಾತ್ರ. ‘ಕೂಡದು’ ಎಂಬುದನ್ನು ಮೀರಿದ್ದರಿಂದಲೇ ‘ಇಲ್ಲ’ ಎಂಬುದು ರುಜುವಾತಾಯಿತು.

ಇಪ್ಪತ್ತನೆಯ ಶತಮಾನದಲ್ಲಿ ಟ್ಯುನೀಸಿಯಾದ ಇಬ್ನ್ ಆಶೂರ್ (1879–1973) ರದ್ದತಿಯ ವಾದವನ್ನೇ ತಿರುಗಿಸಿದರು: ಈ ಸೂಕ್ತವು ಮಕ್ಕಾ ವಿಜಯದ ನಂತರದ್ದಾಗಿರಬಹುದು, ಬಲವಂತದಿಂದ ಧರ್ಮಕ್ಕೆ ಸೇರಿಸುವ ಉದ್ದೇಶದ ಯುದ್ಧವನ್ನು ಇದೇ ರದ್ದುಗೊಳಿಸುತ್ತದೆ. ಆದರೆ ಅದೇ ಅಧ್ಯಾಯದ 217ನೆಯ ಸೂಕ್ತವನ್ನು ವಿವರಿಸುವಾಗ ಅವರು ಧರ್ಮತ್ಯಾಗಕ್ಕೆ ಮರಣದಂಡನೆಯನ್ನು ಸಮರ್ಥಿಸಿದರು. ಅದು ಇಲ್ಲಿ ನಿಷೇಧಿಸಲಾದ ಬಲಾತ್ಕಾರವಲ್ಲ ಎಂದರು. ಒಳಬರುವ ಬಾಗಿಲು ಸ್ವೇಚ್ಛೆಯದಾಯಿತು. ಹೊರಹೋಗುವ ಬಾಗಿಲು ಮುಚ್ಚಿಯೇ ಉಳಿಯಿತು. ಮದೀನಾದ ಆ ಮಕ್ಕಳಿಗೆ ತೆರೆದಿದ್ದುದು ಹೊರಡುವ ಬಾಗಿಲೂ ಹೌದು ಎಂಬುದನ್ನು ಇಲ್ಲಿ ನೆನೆಯಬೇಕು.

ಆದುದರಿಂದ ‘ಇಲ್ಲ’ ಎಂದು ಬರೆದರೂ ‘ಕೂಡದು’ ಎಂದು ಬರೆದರೂ ಕನ್ನಡದ ಅನುವಾದಕರು ಈ ದೀರ್ಘ ವಾದದಲ್ಲಿ ಒಂದು ಪಕ್ಷವನ್ನು ವಹಿಸಿದಂತೆಯೇ. ಯಾವ ಪಕ್ಷ, ಯಾರ ವ್ಯಾಖ್ಯಾನದ ಬಲದಿಂದ ಎಂಬುದನ್ನು ಅಡಿಟಿಪ್ಪಣಿಯಲ್ಲಾದರೂ ತಿಳಿಸುವುದು ಎರಡು ಭಾಷೆಗಳ ನಡುವೆ ನಿಂತವರ ಹೊಣೆ.