ಸೇರು, ಕ್ವಾರ್ಟು ಮತ್ತು ಕಾಶಿಯ ಹಾಲು

ಕಾಶಿಯಲ್ಲಿ ಹಾಲನ್ನು ಕಿಲೋ ಲೆಕ್ಕದಲ್ಲಿ ಕೇಳುವುದು ಇಂದಿಗೂ ವಾಡಿಕೆ. ಪಾವು, ಸೇರು, ಕೊಳಗಗಳ ನಾಡಿನಿಂದ ಹೋದ ಕನ್ನಡ ಯಾತ್ರಿಕರಿಗೆ ಇದು ಸೋಜಿಗ. ಕನ್ನಡನಾಡಿನ ಸೇರು ಬಹುಮಟ್ಟಿಗೆ ಪಾತ್ರೆ; ಅಕ್ಕಿ, ರಾಗಿಯನ್ನು ಅದರಲ್ಲಿ ತುಂಬಿ ಅಳೆಯುತ್ತಿದ್ದರು. ಗಂಗೆಯ ಬಯಲಿನ ಸೇರು ತಕ್ಕಡಿಯ ಬಟ್ಟು. ಹೆಸರು ಒಂದೇ, ಜಾತಿ ಬೇರೆ.

ಆ ಬಟ್ಟಿಗೂ ಊರಿಗೊಂದು, ಸರಕಿಗೊಂದು ತೂಕವಿತ್ತು. ಅದನ್ನು ಒಂದು ನೆಲೆಗೆ ತಂದವರಲ್ಲಿ ಮುಖ್ಯನಾದವನು ಜೇಮ್ಸ್ ಪ್ರಿನ್ಸೆಪ್. ಬ್ರಾಹ್ಮಿ ಲಿಪಿಯನ್ನು ಓದಿದವನೆಂದು ಅವನು ಪ್ರಸಿದ್ಧ. 1820ರಿಂದ ಹತ್ತು ವರ್ಷ ಕಾಶಿಯ ಟಂಕಸಾಲೆಯಲ್ಲಿ ಲೋಹದ ಅಪ್ಪಟತನ ಪರೀಕ್ಷಿಸುತ್ತಿದ್ದ ಅಧಿಕಾರಿ ಅವನೇ ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ. 1830ರಲ್ಲಿ ಆ ಟಂಕಸಾಲೆ ಮುಚ್ಚಿತು, ಅವನು ಕಲ್ಕತ್ತೆಗೆ ಹೋದ. 1833ರಲ್ಲಿ ಕಂಪನಿ ಸರ್ಕಾರ ತೊಲವನ್ನು 180 ಗ್ರೇನಿಗೆ ನಿಲ್ಲಿಸಿತು. 80 ತೊಲಕ್ಕೆ ಒಂದು ಸೇರು, 40 ಸೇರಿಗೆ ಒಂದು ಮಣ. ರೂಪಾಯಿ ನಾಣ್ಯದ ತೂಕವೂ 180 ಗ್ರೇನೇ. ಹಾಗಾಗಿ ಅಂಗಡಿಯ ಬಟ್ಟಿನ ಮೇಲೆ ಅನುಮಾನ ಬಂದರೆ 80 ಹೊಸ ರೂಪಾಯಿಗಳನ್ನು ಎದುರು ತಟ್ಟೆಗೆ ಹಾಕಿ ನೋಡಬಹುದಿತ್ತು. ಅಷ್ಟು ರೂಪಾಯಿ ಯಾರ ಕೈಯಲ್ಲಿತ್ತು ಎಂಬುದು ಬೇರೆ ಮಾತು.

ತೂಕ ನಿಂತಿತು, ಗಾತ್ರ ನಿಲ್ಲಲಿಲ್ಲ. ಇಂಗ್ಲಿಷರ ಕ್ವಾರ್ಟು ಗ್ಯಾಲನ್ನಿನ ಕಾಲುಭಾಗ. 1824ರ ಬ್ರಿಟಿಷ್ ಕಾಯ್ದೆಯ ಪ್ರಕಾರ ಗ್ಯಾಲನ್ ಎಂದರೆ 10 ಪೌಂಡು ನೀರು ಹಿಡಿಯುವ ಗಾತ್ರ. ಅಂದರೆ ಕ್ವಾರ್ಟೂ ತಕ್ಕಡಿಯಿಂದಲೇ ಹುಟ್ಟಿದ್ದು. ಒಂದು ಕ್ವಾರ್ಟು ನೀರು ಎರಡೂವರೆ ಪೌಂಡು, ಹೊಸ ಸೇರಿನ ಲೆಕ್ಕದಲ್ಲಿ ಸುಮಾರು 1.2 ಸೇರು. ಅಂಥ 880 ಕ್ವಾರ್ಟು ಸೇರಿದರೆ ಒಂದು ಘನ ಮೀಟರು, ಸುಮಾರು 27 ಮಣ ನೀರು. ನೀರಿಗೆ ಈ ಲೆಕ್ಕ ಭದ್ರ. ಕಾಳಿಗೆ ಹಾಗಲ್ಲ: ಅದೇ ಪಾತ್ರೆಗೆ ಸಡಿಲವಾಗಿ ಸುರಿದರೆ ಒಂದು ತೂಕ, ಕುಲುಕಿ ತುಂಬಿದರೆ ಇನ್ನೊಂದು. ಸಾಲವನ್ನು ಧಾನ್ಯದಲ್ಲಿ ತೀರಿಸುವ ರೈತನಿಗೆ ಆ ಕುಲುಕಾಟದಲ್ಲೇ ನಷ್ಟ.

1871ರಲ್ಲಿ ಸರ್ಕಾರ ಒಂದು ಒಳ್ಳೆಯ ಉಪಾಯ ಮಾಡಿತು. ಹೊಸ ಕಾಯ್ದೆಯಲ್ಲಿ ಫ್ರೆಂಚರ ಕಿಲೋಗ್ರಾಮಿಗೇ ಸೇರು ಎಂದು ಹೆಸರಿಟ್ಟು, ಅಷ್ಟು ತೂಕದ ನೀರು ಹಿಡಿಯುವ ಪಾತ್ರೆಯನ್ನು ಗಾತ್ರದ ಅಳತೆಯಾಗಿಸಿತು. ಅದು ಲೀಟರೇ, ಸಾವಿರ ಪಾತ್ರೆಗೆ ಒಂದು ಘನ ಮೀಟರು. ಮರುವರ್ಷ ವೈಸರಾಯ್ ಮೇಯೊ ಅಂಡಮಾನಿನಲ್ಲಿ ಕೊಲೆಯಾದ. ಕಾಯ್ದೆ ಕಾಗದದ ಮೇಲೇ ಉಳಿಯಿತು. ಹಳೆಯ ಹೆಸರಿನಲ್ಲಿ ಸಲೀಸಾಗಿ ಬರಬಹುದಾಗಿದ್ದ ಲೀಟರು ಮುಂದೆ ಹೊಸ ಹೆಸರು ಹೊತ್ತು ಬರಬೇಕಾಯಿತು. 1956ರಲ್ಲಿ ಮೆಟ್ರಿಕ್ ಕಾಯ್ದೆ ಬಂತು, 1958ರ ಅಕ್ಟೋಬರಿನಿಂದ ಮೆಟ್ರಿಕ್ ಬಟ್ಟುಗಳು ಪೇಟೆಗೆ ಇಳಿದವು.

ಕಾಶಿಯ ಹಾಲು ಮಾತ್ರ ತೂಕದ ಕಡೆಗೇ ಉಳಿಯಿತು, ಸೇರಿನ ಜಾಗಕ್ಕೆ ಕಿಲೋ ಬಂತು. ಒಂದು ಲೀಟರು ಹಾಲು ಸುಮಾರು 1.03 ಕಿಲೋ ತೂಗುತ್ತದೆ. ತಕ್ಕಡಿಯಲ್ಲಿ ಒಂದು ಕಿಲೋ ತೂಗಿದರೆ ಲೀಟರಿಗೆ ಸುಮಾರು 30 ಮಿಲಿಲೀಟರು ಕಡಿಮೆ. ಲೀಟರಿನ ಅಳತೆಯಲ್ಲಿ ಸುರಿದು ಕಿಲೋ ಎಂದರೆ ಅಷ್ಟು ಗಿರಾಕಿಗೆ ಲಾಭ.