ಸಫ್ರಾನ್‌ಬೋಲು: ಕೇಸರಿಯ ಹೆಸರು ಹೊತ್ತ ಬೆಟ್ಟದೂರು

ತುರ್ಕಿಯ ರಾಜಧಾನಿ ಅಂಕಾರಾದಿಂದ ಉತ್ತರಕ್ಕೆ ಸುಮಾರು 200 ಕಿಲೋಮೀಟರು ಸಾಗಿದರೆ, ಕಪ್ಪು ಸಮುದ್ರಕ್ಕೆ ಮುನ್ನ ಅಡ್ಡಬರುವ ಬೆಟ್ಟಸಾಲುಗಳ ನಡುವೆ ಸಫ್ರಾನ್‌ಬೋಲು ಎಂಬ ಪುಟ್ಟ ಪಟ್ಟಣವಿದೆ. ಹೆಸರಿನ ಮೊದಲ ಭಾಗ ಕೇಸರಿಯನ್ನು ಸೂಚಿಸುತ್ತದೆ. ಕೊನೆಯ ‘ಬೋಲು’ ನಗರವೆಂಬ ಅರ್ಥದ ಗ್ರೀಕ್ ಪದ ‘ಪೋಲಿಸ್’ನಿಂದ ಸವೆದು ಬಂದದ್ದು. ಸಾವಿರಕ್ಕೂ ಹೆಚ್ಚು ಹಳೆಯ ಕಟ್ಟಡಗಳನ್ನು ಉಳಿಸಿಕೊಂಡಿರುವ ಈ ಊರನ್ನು ಯುನೆಸ್ಕೊ ಸಂಸ್ಥೆ 1994ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಹದಿಮೂರನೆಯ ಶತಮಾನದಿಂದ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಇದು ಪೂರ್ವ ಪಶ್ಚಿಮಗಳನ್ನು ಬೆಸೆಯುವ ವ್ಯಾಪಾರದ ಹಾದಿಯಲ್ಲಿ ಸಾರ್ಥವಾಹರ ತಂಗುದಾಣವಾಗಿತ್ತು. 1322ರಲ್ಲಿ ಕಟ್ಟಿದ ಹಳೆಯ ಮಸೀದಿ, ಹಳೆಯ ಸ್ನಾನಗೃಹ ಮತ್ತು ಸುಲೇಮಾನ್ ಪಾಶಾ ಮದರಸಾಗಳು ಆರಂಭದ ಕಾಲದವು. ಊರಿನ ವೈಭವ ತುತ್ತತುದಿಗೇರಿದ್ದು ಹದಿನೇಳನೆಯ ಶತಮಾನದಲ್ಲಿ. ಆ ಕಾಲದ ದೊಡ್ಡ ಕಲ್ಲಿನ ಛತ್ರ ‘ಜಿಂಜಿ ಹಾನ್’ ಊರಿನ ನಡುವೆ ಇಂದಿಗೂ ನಿಂತಿದೆ. ಇತ್ತೀಚಿನ ದಶಕಗಳಲ್ಲಿ ಅದನ್ನು ಹೋಟೆಲಾಗಿ ಮಾರ್ಪಡಿಸಲಾಯಿತು. ಅದನ್ನು ಕಟ್ಟಿಸಿದವನ ಕಥೆ ಸ್ವಾರಸ್ಯಕರ. ಈ ಊರಿನವನೇ ಆದ ಹುಸೇನ್ ಎಫೆಂದಿ, ಭೂತ ಪಿಶಾಚಿಗಳನ್ನು ಬಿಡಿಸುವವನೆಂದು ಹೆಸರಾಗಿ ‘ಜಿಂಜಿ ಹೋಜಾ’ ಎನಿಸಿಕೊಂಡು, ಚಿತ್ತಸ್ವಾಸ್ಥ್ಯ ಕೆಟ್ಟಿದ್ದ ಸುಲ್ತಾನ್ ಇಬ್ರಾಹಿಮನಿಗೆ ಚಿಕಿತ್ಸೆ ಮಾಡುವ ನೆಪದಲ್ಲಿ ಅರಮನೆಯನ್ನು ಹೊಕ್ಕನು. ಉನ್ನತ ನ್ಯಾಯಾಧಿಕಾರದವರೆಗೂ ಏರಿದನು. 1648ರಲ್ಲಿ ಸುಲ್ತಾನ ಪದಚ್ಯುತನಾದಾಗ ಅವನ ತಲೆಯೂ ಉರುಳಿತು. ಅವನಿಂದ ಜಪ್ತಿಯಾದ ಹಣವನ್ನೇ ಹೊಸ ಸುಲ್ತಾನನ ಪಟ್ಟಾಭಿಷೇಕದ ಇನಾಮಾಗಿ ಸೈನಿಕರಿಗೆ ಹಂಚಲಾಯಿತು. ಲೆಕ್ಕಪುಸ್ತಕಗಳ ನಡುವೆ ಮೂರು ದಶಕ ಕಳೆದ ನನಗೆ, ಒಬ್ಬ ಮಂತ್ರವಾದಿಯ ಗಂಟು ಒಂದು ಸಾಮ್ರಾಜ್ಯದ ಖಜಾನೆಯ ಕೊರತೆಯನ್ನು ನೀಗಿದ ಪ್ರಸಂಗ ಬೇರೆ ಕಡೆ ಕಂಡಿಲ್ಲ.

ಇಲ್ಲಿನ ಜನ ವರ್ಷಕ್ಕೆ ಎರಡು ಮನೆಗಳಲ್ಲಿ ಬಾಳುತ್ತಿದ್ದರು. ಚಳಿಗಾಲಕ್ಕೆ ಕಣಿವೆಯ ತಳದ, ಗಾಳಿ ತಾಗದ ಪೇಟೆ. ಬೇಸಿಗೆಗೆ ಮೇಲಿನ ಇಳಿಜಾರಿನ ದ್ರಾಕ್ಷಿತೋಟಗಳ ನಡುವಿನ ಮನೆ. ಪೇಟೆಯ ಮನೆಗಳಿಗೆ ನೆಲ ಅಂತಸ್ತು ಕಲ್ಲಿನದು. ಅದರ ಮೇಲೆ ಮರದ ಚೌಕಟ್ಟು ನಿಲ್ಲಿಸಿ ಹಸಿ ಇಟ್ಟಿಗೆ ತುಂಬಿ ಗಾರೆ ಬಳಿಯುತ್ತಿದ್ದರು. ಮೇಲಂತಸ್ತುಗಳು ಬೀದಿಯ ಮೇಲೆ ಚಾಚಿಕೊಂಡಿರುತ್ತವೆ. ಒಂದೊಂದು ಕೋಣೆಯೂ ಒಂದು ಸಣ್ಣ ಸಂಸಾರಕ್ಕೆ ಸಾಲುವಂತಹುದು: ಗೋಡೆಗುಂಟ ದಿವಾನ, ಹಾಸಿಗೆಯಿಡುವ ಗೋಡೆಕಪಾಟು, ಅದೇ ಕಪಾಟಿನೊಳಗೆ ಮೀಯಲು ಪುಟ್ಟ ಬಚ್ಚಲು. ಪುರುಷರ ಮತ್ತು ಸ್ತ್ರೀಯರ ಭಾಗಗಳ ನಡುವೆ ತಿರುಗುವ ಕಪಾಟೊಂದಿದ್ದು, ಅಡುಗೆಯ ತಟ್ಟೆಯನ್ನು ಅತ್ತ ಇಟ್ಟು ತಿರುಗಿಸಿದರೆ ಬಡಿಸಿದವರ ಮುಖ ಕಾಣದೆ ಇತ್ತ ಬರುತ್ತಿತ್ತು. ಕೆಲವು ಸಿರಿವಂತರ ಮನೆಗಳೊಳಗೆ ಕೊಳವೇ ಇದೆ. ಅದು ತಂಪಿಗೂ ಆಯಿತು, ಮರದ ಮನೆಗೆ ಬೆಂಕಿ ಬಿದ್ದರೆ ನೀರಿಗೂ ಆಯಿತು.

ಇಷ್ಟೆಲ್ಲ ಕಟ್ಟಲು ಹಣ ಬಂದದ್ದು ಬಹುಮಟ್ಟಿಗೆ ಚರ್ಮದಿಂದ. ಹಳ್ಳದ ದಂಡೆಯಲ್ಲಿ ಚರ್ಮ ಹದಮಾಡುವವರು, ಮೇಲೆ ಅದನ್ನು ಹೊಲಿಯುವವರು, ಹೇರುಪ್ರಾಣಿಗಳಿಗೆ ಜೀನು ಕಟ್ಟುವವರು, ಲಾಳ ಬಡಿಯುವ ಕಮ್ಮಾರರು, ತಾಮ್ರದ ಪಾತ್ರೆ ಬಡಿಯುವವರು ಹೀಗೆ ಒಂದೊಂದು ಕಸುಬಿಗೆ ಒಂದೊಂದು ಬೀದಿ. ಇವುಗಳಲ್ಲಿ ಹೆಸರುವಾಸಿಯಾದುದು ‘ಯೆಮೆನಿ’ ಎಂಬ ಹಗುರ ಪಾದರಕ್ಷೆ ಮಾಡುವವರ ಸಾಲು. ವಜೀರ ಕ್ಯೋಪ್ರುಲು ಮೆಹ್ಮೆತ್ ಪಾಶಾ ಕಟ್ಟಿಸಿದ 1661ರ ಮಸೀದಿಗೆ ಹೊಂದಿಕೊಂಡ ಈ ಸಾಲಿನಲ್ಲಿ 48 ಮರದ ಮಳಿಗೆಗಳಿವೆ. ಗಟ್ಟಿ ಚರ್ಮದ ಅಟ್ಟೆಗೆ ಮೆದು ಚರ್ಮದ ಮೇಲ್ಭಾಗವನ್ನು ಮೇಣ ಸವರಿದ ದಾರದಿಂದ ಕೈಯಲ್ಲೇ ಹೊಲಿಯುತ್ತಾರೆ. ನುರಿತ ಕಸುಬುದಾರನನ್ನು ತುರ್ಕಿಯರು ‘ಉಸ್ತಾ’ ಎನ್ನುತ್ತಾರೆ. ನಮ್ಮ ‘ಉಸ್ತಾದ’ನೂ ಅದೇ ಪಾರಸಿ ಮೂಲದಿಂದ ಬಂದವನು. ಇನ್ನು ಇಸ್ತಾಂಬುಲಿಗೆ ವಲಸೆ ಹೋದವರು ಅಲ್ಲಿ ಬೇಕರಿ ಕೆಲಸದಲ್ಲಿ ಹೆಸರು ಗಳಿಸಿದರು. ಪಟ್ಟಣಕ್ಕೆ ಹೋಗಿ ಒಲೆಯ ಮುಂದೆ ದುಡಿಯುವ ಬಾಳು ಹೊರನಾಡಿನ ನಮ್ಮವರಿಗೆ ಅಪರಿಚಿತವೇನಲ್ಲ.

ಊರಿನ ಇನ್ನೊಂದು ಭಾಗವಾದ ಕಿರಾನ್‌ಕೋಯ್‌ನಲ್ಲಿ ಗ್ರೀಕ್ ಕ್ರೈಸ್ತರಿದ್ದರು. 1923ರ ಒಪ್ಪಂದದಂತೆ ಗ್ರೀಸ್ ಮತ್ತು ತುರ್ಕಿಗಳ ನಡುವೆ ಜನಸಂಖ್ಯೆಯ ವಿನಿಮಯ ನಡೆದಾಗ ಅವರು ಊರು ತೊರೆಯಬೇಕಾಯಿತು. ಅವರ ಚರ್ಚು 1956ರಲ್ಲಿ ಮಸೀದಿಯಾಯಿತು. ಪ್ರವಾಸಿಗರ ಕೈಪಿಡಿಗಳಲ್ಲಿ ಈ ಸಂಗತಿಗೆ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗ ಸಿಗುವುದು ಅಪರೂಪ.

ರೈಲು ಬಂದು ಸಾರ್ಥಗಳ ಕಾಲ ಮುಗಿಯಿತು. 1937ರಲ್ಲಿ ಪಕ್ಕದ ಕರಾಬ್ಯುಕ್ ಎಂಬ ಕುಗ್ರಾಮದಲ್ಲಿ ತುರ್ಕಿ ಗಣರಾಜ್ಯದ ಉಕ್ಕಿನ ಕಾರ್ಖಾನೆಗೆ ಶಂಕುಸ್ಥಾಪನೆಯಾಯಿತು. ಕಸುಬುದಾರರ ಮಕ್ಕಳು ಕಾರ್ಖಾನೆಯ ಸಂಬಳಕ್ಕೆ ಹೋದರು. ಹೊಸ ಮನೆಗಳೆಲ್ಲ ಹೊರಗೆ ಎದ್ದವು. ಹಳೆಯ ಪೇಟೆಯಲ್ಲಿ ಕೆಡವಿ ಕಟ್ಟುವಷ್ಟು ಹಣವೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ. ಮನೆಗಳು ಉಳಿದದ್ದು ಅಭಿಮಾನಕ್ಕಿಂತ ಮೊದಲು ಈ ಅಲಕ್ಷ್ಯದಿಂದ ಎಂಬುದು ನನ್ನ ಎಣಿಕೆ. ಅಭಿಮಾನ ಆಮೇಲೆ ಬಂತು: 1970ರ ದಶಕದ ನಡುವಿನಲ್ಲಿ ಪುರಸಭೆ ಮತ್ತು ವಾಸ್ತುಶಿಲ್ಪದ ವಿದ್ವಾಂಸರು ಸಂರಕ್ಷಣೆಗೆ ಮುಂದಾದರು, ಸುಹಾ ಆರಿನ್ ಅವರ ‘ಸಫ್ರಾನ್‌ಬೋಲುವಿನಲ್ಲಿ ಕಾಲ’ ಎಂಬ ಸಾಕ್ಷ್ಯಚಿತ್ರ ದೇಶದ ಗಮನವನ್ನು ಇತ್ತ ಸೆಳೆಯಿತು. ಒಂದು ಕಾಲದ ಕುಗ್ರಾಮ ಕರಾಬ್ಯುಕ್ 1995ರಲ್ಲಿ ಪ್ರಾಂತ್ಯದ ಕೇಂದ್ರವಾಗಿ, ಸಫ್ರಾನ್‌ಬೋಲು ಅದರ ಆಡಳಿತಕ್ಕೆ ಸೇರಿತು.

ಕಟ್ಟಡವನ್ನು ಕಾನೂನಿನಿಂದ ಕಾಯಬಹುದು, ಕೈಯ ಕೆಲಸವನ್ನು ಹಾಗೆ ಕಾಯಲಾಗದು. ಯೆಮೆನಿಯವರ ಸಾಲಿನ 48 ಮಳಿಗೆಗಳು ಅಚ್ಚುಕಟ್ಟಾಗಿವೆ. ಆದರೆ ಹೆಚ್ಚಿನವು ಇಂದು ನೆನಪಿನ ಕಾಣಿಕೆಗಳ ಅಂಗಡಿ, ಕಾಫಿ ಅಂಗಡಿಗಳು. ಕಾರ್ಖಾನೆಯ ಬೂಟು ಬಂದ ಮೇಲೆ ಯೆಮೆನಿ ತೊಡುವವರು ಇಲ್ಲವಾಗಿ, ಹೊಲಿಯುವವರು ಬೆರಳೆಣಿಕೆಗೆ ಇಳಿದರು. ಕಮ್ಮಾರರ ಬೀದಿ ಸ್ವಲ್ಪ ವಾಸಿ. ಹಳೆಯ ಮನೆಗಳ ದುರಸ್ತಿಗೆ ಬಾಗಿಲ ಬಳೆ, ಚಿಲಕ, ತಿರುಗಣಿಗಳು ಬೇಕೇ ಬೇಕಾದ್ದರಿಂದ ಅಲ್ಲಿ ಸುತ್ತಿಗೆಯ ಸದ್ದು ನಿಂತಿಲ್ಲ.

ಊರಿಗೆ ಹೆಸರು ಕೊಟ್ಟ ಕೇಸರಿಯ ಸಾಗುವಳಿಯೂ ಇಪ್ಪತ್ತನೆಯ ಶತಮಾನದಲ್ಲಿ ನಶಿಸುವ ಹಂತ ತಲುಪಿ, ದಾವುತ್‌ಒಬಾಸಿಯಂತಹ ನೆರೆಯ ಹಳ್ಳಿಯ ಕೆಲವು ಹೊಲಗಳಲ್ಲಿ ಮಾತ್ರ ಜೀವ ಹಿಡಿದಿತ್ತು. ಅಲ್ಲಿಂದ ಮತ್ತೆ ಸಣ್ಣ ಪ್ರಮಾಣದಲ್ಲಿ ಹಬ್ಬಿದೆ. ನಮ್ಮ ಕಾಶ್ಮೀರದ ಪಾಂಪೋರಿನಲ್ಲಿ ಬೆಳೆಯುವ ಗಿಡವೇ ಇದು. ಬೀಜ ಕಟ್ಟುವುದಿಲ್ಲ, ನೆಲದ ಗೆಡ್ಡೆಯನ್ನು ಅಗೆದು, ಬಿಡಿಸಿ, ಮತ್ತೆ ನೆಟ್ಟರಷ್ಟೇ ತಳಿ ಮುಂದುವರಿಯುತ್ತದೆ. ಅಕ್ಟೋಬರ್ ಕೊನೆಯ ಹೊತ್ತಿಗೆ ನೇರಳೆ ಹೂ ಅರಳಿದಾಗ ಬಿಸಿಲೇರುವ ಮೊದಲೇ ಕೊಯ್ದು, ಒಂದೊಂದರಿಂದ ಮೂರು ಕೆಂಪು ಎಳೆ ಬಿಡಿಸಬೇಕು. ಒಂದು ಕಿಲೋ ಒಣ ಕೇಸರಿಗೆ ಒಂದೂವರೆ ಲಕ್ಷದಷ್ಟು ಹೂ ಬೇಕು. ಅದನ್ನು ಅಲ್ಲಿಯವರು ‘ಲೋಕುಮ್’ ಎಂಬ ಮಿಠಾಯಿಗೆ ಹಾಕುತ್ತಾರೆ, ಮದುವೆಯೂಟಕ್ಕೆ ಅಕ್ಕಿ ಸಕ್ಕರೆ ಕೂಡಿಸಿ ‘ಜೆರ್ದೆ’ ಎಂಬ ಹಳದಿ ಪಾಯಸ ಮಾಡುತ್ತಾರೆ.